ಪುಸ್ತಕ ಯಾರದು?

ಒಂದು ಪುಸ್ತಕ ಯಾರದು? ಬರೆದವರದಾ, ದುಡ್ಡು ಕೊಟ್ಟು ಕೊಂಡವರದಾ, ಜೋಪಾನ ಮಾಡಿದವರದಾ? ಬಿಜಾಪುರ ಕಡೆಯವರಿಗೆ ಇದು ಬರೀ ತರ್ಕದ ಪ್ರಶ್ನೆ ಅಲ್ಲ. ಆದಿಲ್‌ಶಾಹಿ ಸುಲ್ತಾನರ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳು ವಿಜಯಪುರದ ಅಸರ್ ಮಹಲಿನಲ್ಲಿದ್ದವು. 1853ರಲ್ಲಿ ಅವುಗಳಲ್ಲಿ 400ಕ್ಕೂ ಹೆಚ್ಚು ಲಂಡನ್ನಿಗೆ, ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಾಲಯಕ್ಕೆ ಹೋದವು. ಹೆಚ್ಚಿನವು ಅರಬ್ಬಿಯವು. ಇವತ್ತು ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮ ಬಿಜ್ಜರಗಿಯಿಂದ ಅಸರ್ ಮಹಲಿಗೆ ಬಸ್ಸಿದೆ. ಆ ಪುಸ್ತಕಗಳ ಹತ್ತಿರ ಹೋಗಬೇಕಂದ್ರೆ ಪಾಸ್‌ಪೋರ್ಟು, ವೀಸಾ ಬೇಕು.

ಕ್ಲೈಂಟ್ ಕೆಲಸಕ್ಕಂತ ಮೂರು ವಾರ ಲಂಡನ್ನಿನಲ್ಲಿದ್ದಾಗ, ನಾನು ಇಳಿದುಕೊಂಡಿದ್ದ ಬೀದಿಯ ಪುಟ್ಟ ಲೈಬ್ರರಿಯಲ್ಲಿ ಲೇಖಕಿಯೊಬ್ಬರ ಮಾತುಕತೆ ಇತ್ತು. ಟಿಕೆಟ್ ಇಲ್ಲ, ನೀನ್ಯಾರು ಅಂತ ಕೇಳಿದವರೂ ಇಲ್ಲ. ಮಡಚುವ ಕುರ್ಚಿಗಳಲ್ಲಿ ಇಪ್ಪತ್ತೈದು ಮಂದಿ. ಕೊನೆಗೆ ಒಬ್ಬ ಅಜ್ಜಿ ಎದ್ದರು. ಕೈಯಲ್ಲಿದ್ದದ್ದು ಕೊಂಡ ಪುಸ್ತಕವಲ್ಲ, ಅದೇ ಲೈಬ್ರರಿಯ ಅಂಚು ಸವೆದ ಪ್ರತಿ. "ಎರಡು ಸಲ ಓದಿದೆ. ಕೊನೆಗೆ ಮಗಳು ವಾಪಸ್ ಬಂದದ್ದು ನನಗೆ ಸರಿ ಅನ್ನಿಸಲಿಲ್ಲ" ಅಂದರು. ಲೇಖಕಿ ವಾದಕ್ಕಿಳಿಯಲಿಲ್ಲ. "ಹಾಗಾದ್ರೆ ಅವಳು ಎಲ್ಲಿಗೆ ಹೋಗಬೇಕಿತ್ತು?" ಅಂತ ತಿರುಗಿ ಕೇಳಿದರು. ಆಮೇಲೆ ಹತ್ತು ನಿಮಿಷ ಇಡೀ ಕೋಣೆ ಆ ಮಗಳ ಬಗ್ಗೆ ಜಗಳಾಡಿತು. ಆ ಹೊತ್ತಿನಲ್ಲಿ ಕಾದಂಬರಿ ಎಷ್ಟು ಲೇಖಕಿಯದೋ ಅಷ್ಟೇ ಆ ಅಜ್ಜಿಯದೂ ಆಗಿತ್ತು.

ಅದೇ ಊರಲ್ಲಿ ನಮ್ಮ ಹಸ್ತಪ್ರತಿಗಳೂ ಇವೆಯಲ್ಲ ಅಂತ ನೆನಪಾಯ್ತು. ಭಾನುವಾರ ಫೋನಿನಲ್ಲಿ ಕಾಕಾಗೆ ಹೇಳಿದೆ. "ಅಲ್ಲಿ ಅದಾವಂತ ಉಳದಾವೋ ತಮ್ಮಾ. ಇಲ್ಲಿದ್ದಿದ್ರ ಗೆದ್ದಲ ತಿಂದು ಹೋಗ್ತಿದ್ದವು" ಅಂದರು.

ಈ ಮಾತನ್ನ ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಅಲ್ಲಿ ಓದುವ ಪಾಸ್ ಕೂಡ ಪುಕ್ಕಟೆ. ಆದರೆ ಬ್ಯಾಂಕಿನ ಲಾಕರ್ ಎಷ್ಟು ವರ್ಷ ಕಾದರೂ ಬಂಗಾರ ಬ್ಯಾಂಕಿನದಾಗಲ್ಲ. ಅದೂ ಅಲ್ಲದೆ, ಬೇಡ ಅನ್ನುವ ಶಕ್ತಿ ನಮಗಿಲ್ಲದ ಕಾಲದಲ್ಲಿ ಒಯ್ದದ್ದು ಅದು. ಚೆನ್ನಾಗಿ ಇಟ್ಟುಕೊಂಡಿದ್ದಕ್ಕೆ ಥ್ಯಾಂಕ್ಸ್ ಹೇಳಬಹುದು. ಅಷ್ಟಕ್ಕೇ ಒಡೆತನ ಬಿಟ್ಟುಕೊಡಬೇಕಿಲ್ಲ.

ಹಾಗಂತ ವಾಪಸ್ ಬಂದರೆ ಎಲ್ಲ ಸರಿಹೋಗುತ್ತಾ? ಫ. ಗು. ಹಳಕಟ್ಟಿಯವರನ್ನ ನೆನೆಸಿಕೊಳ್ಳಿ. ಅವರು ಬಿಜಾಪುರದಲ್ಲಿ ವಕೀಲರು. ವಚನದ ತಾಡೋಲೆಗಳನ್ನ ಹುಡುಕಲು ಅವರು ಸಮುದ್ರ ದಾಟಬೇಕಿರಲಿಲ್ಲ. ಅವು ನಮ್ಮವರ ಮನೆಗಳಲ್ಲೇ, ಮಠಗಳಲ್ಲೇ ಇದ್ದವು, ಬಟ್ಟೆಯಲ್ಲಿ ಕಟ್ಟಿ, ದೇವರ ಜಗುಲಿ ಮೇಲೆ. ಪೂಜೆ ನಡೀತಿತ್ತು, ಓದು ನಡೀತಿರಲಿಲ್ಲ. ಹಳಕಟ್ಟಿಯವರು ಮನೆ ಮನೆ ತಿರುಗಿ ಅವನ್ನ ಕೂಡಿಸಿದರು, 1923ರಲ್ಲಿ 'ವಚನಶಾಸ್ತ್ರಸಾರ' ತಂದರು, ಅಚ್ಚು ಹಾಕಲು 'ಹಿತಚಿಂತಕ' ಮುದ್ರಣಾಲಯವನ್ನೇ ಕಟ್ಟಿದರು, ಅದಕ್ಕಾಗಿ ಸ್ವಂತ ಮನೆ ಮಾರಿದರು. ಜಗುಲಿ ಮೇಲಿನ ಗಂಟು ಒಂದು ಮನೆಯದಾಗಿತ್ತು. ಅಚ್ಚಾದ ಮೇಲೆ ಅದು ಕನ್ನಡ ಬಲ್ಲವರೆಲ್ಲರದಾಯಿತು.

ನನಗನ್ನಿಸೋದು ಇಷ್ಟು. ಪುಸ್ತಕದ ಮೇಲೆ ದೊಡ್ಡ ಹಕ್ಕು ಇರೋದು ಅದನ್ನ ಇನ್ನೊಬ್ಬರಿಗೆ ತೆರೆದು ಕೊಡುವವರಿಗೆ. ಈ ಅಳತೆಗೋಲು ಹಿಡಿದರೆ ಲಂಡನ್ನೂ ಉತ್ತರ ಕೊಡಬೇಕು: ಬಿಜಾಪುರದ ಹುಡುಗಿಯೊಬ್ಬಳು ವೀಸಾ ಇಲ್ಲದೆ ಆ ಪುಟಗಳನ್ನ ಓದೋದು ಹೇಗೆ? ನಾವೂ ಉತ್ತರ ಕೊಡಬೇಕು: ಬಂದರೆ ಓದುವವರು ಯಾರು? ನನಗೆ ಅರಬ್ಬಿ ಬರಲ್ಲ. ವಿಜಯಪುರದಲ್ಲಿ ಬಲ್ಲವರಿದ್ದಾರೆ. ಅವರ ಪಕ್ಕ ಕೂತು "ಇದರಲ್ಲಿ ಏನೈತ್ರಿ?" ಅಂತ ಕೇಳದೆ "ನಮ್ಮ ಪುಸ್ತಕ, ನಮ್ಮ ಪುಸ್ತಕ" ಅಂದರೆ ಅದು ಬರೀ ಜಂಬ.

ಒಂದು ಮಾತು ಮಾತ್ರ ಸ್ಪಷ್ಟವಿರಲಿ. "ಮೊದಲು ಓದೋದು ಕಲೀರಿ, ಆಮೇಲೆ ಕೇಳ್ರಿ" ಅನ್ನುವ ಹಕ್ಕು ಒಯ್ದವರಿಗಿಲ್ಲ. ಆ ಪರೀಕ್ಷೆ ನಮಗೆ ನಾವೇ ಇಟ್ಟುಕೊಳ್ಳಬೇಕಾದದ್ದು. ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಮೇಲೋ ಜಗುಲಿ ಮೇಲೋ ಅಂಥ ಗಂಟು ಏನಾದರೂ ಇದ್ದರೆ, ಮನೆಯ ಹಿರಿಯರನ್ನ ಕೇಳಿ ಬಿಚ್ಚಿ ನೋಡಿ. ನಿಮಗೆ ಓದಲು ಬರದಿದ್ದರೆ ಓದಬಲ್ಲವರಿಗೆ ತೋರಿಸಿ.