ಕಣದಲ್ಲೊಂದು ತಾರತಮ್ಯ ವಿಚಾರ

ಕೊಯ್ಲು ಮುಗಿದು, ಕಡೆಯ ಹಣ್ಣೂ ಒಣಗಿ ಮೂಟೆಯಾಗಿ ಹೋದ ಮೇಲೆ, ಮೂಡಿಗೆರೆ ಕಳಸದ ಕಡೆಯ ತೋಟಗಳಲ್ಲಿ ಕಾಫಿ ಕಣವು ಕೆಲವು ವಾರಗಳ ಮಟ್ಟಿಗೆ ಹುಡುಗರ ಸ್ವತ್ತಾಗುತ್ತದೆ. ಹೂಮಳೆ ಬಿದ್ದು ಗಿಡಗಳೆಲ್ಲ ಬೆಳ್ಳಗೆ ಅರಳಿ ನಿಂತ ಆ ದಿನಗಳ ಸಂಜೆ, ಲೈನುಮನೆಗಳ ಮಕ್ಕಳು ಬರಿಗಾಲಿನಲ್ಲಿ ಚೆಂಡೊದೆಯುವುದನ್ನು ನೋಡುತ್ತ ಕಟ್ಟೆಯ ಮೇಲೆ ಕುಳಿತಿರುವುದು ನನಗೆ ಬಹುಕಾಲದ ಅಭ್ಯಾಸ. ಕತ್ತಲೆ ಕವಿದು ಚೆಂಡು ಕಣ್ಣಿಗೆ ಕಾಣದಂತಾದಾಗ ಆಟ ನಿಂತು ವಾದ ಮೊದಲಾಗುತ್ತದೆ. ಬೆಂಗಳೂರು ಎಫ್‌ಸಿ ಎಂಬ ಕಾಲ್ಚೆಂಡಿನ ಸಂಘದಲ್ಲಿ ಇದುವರೆಗೆ ಆಡಿದವರೊಳಗೆ ಸರ್ವಶ್ರೇಷ್ಠನು ಯಾರು ಎಂಬುದು ಈಚೆಗೊಂದು ಸಂಜೆಯ ವಾದ.

"ಛೆಟ್ರಿ ಬಿಟ್ರೆ ಇನ್ಯಾರು ರೈಟ್ರೇ?" ಎಂದು ಹುಡುಗನೊಬ್ಬ ತೋಟದ ರೈಟರನ್ನು ಕೇಳಿದ. ಅವನ ಪಕ್ಷಕ್ಕೆ ಬಲವಿಲ್ಲದೆ ಇರಲಿಲ್ಲ. ಸಂಘವು ಹುಟ್ಟಿದ 2013ರಲ್ಲಿಯೇ ಅದನ್ನು ಸೇರಿ, ಮೊದಲನೆಯ ವರ್ಷವೇ ಐ-ಲೀಗ್ ಪ್ರಶಸ್ತಿಯನ್ನು ಗೆದ್ದ ತಂಡದ ನಾಯಕನಾಗಿ, 2016ರಲ್ಲಿ ಅದುವರೆಗೆ ಭಾರತದ ಯಾವ ಸಂಘವೂ ಮುಟ್ಟದಿದ್ದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯದವರೆಗೆ ಅದರೊಡನೆ ನಡೆದು, ಅದರ ಪರವಾಗಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಸುನಿಲ್ ಛೆಟ್ರಿಯ ಹೆಸರನ್ನು ಬಿಟ್ಟು ಮತ್ತೊಂದನ್ನು ಹೇಳುವುದು ಸುಲಭವಲ್ಲ. ಆದರೆ ರೈಟರು ಅಷ್ಟಕ್ಕೇ ಒಪ್ಪುವವರಲ್ಲ. "ಹಂಗಾದ್ರೆ 2019ರಲ್ಲಿ ಕಪ್ ತಂದ ಗೋಲು ಯಾರ್ದೋ? ಹೊಡೆದೋನು ಡಿಫೆಂಡರ್ ಕಣೋ," ಎಂದರು. ಅದೂ ನಿಜ. ಆ ವರ್ಷದ ಮಾರ್ಚ್ 17ರಂದು ಮುಂಬಯಿಯಲ್ಲಿ, ಗೋವಾ ತಂಡದೆದುರು, ಹೆಚ್ಚುವರಿ ಸಮಯವೂ ತೀರುತ್ತ ಬಂದ 117ನೆಯ ನಿಮಿಷದಲ್ಲಿ, ಡೀಮಾಸ್ ಡೆಲ್ಗಾಡೊ ಒದ್ದ ಕಾರ್ನರಿಗೆ ತಲೆಗೊಟ್ಟು ಐಎಸ್‌ಎಲ್ ಕಿರೀಟವನ್ನು ತಂದವನು ರಾಹುಲ್ ಭೇಕೆ.

ಇಂತಹ ವಾದವನ್ನು ಕೇಳಿ ನಗುವವರುಂಟು. ನನಗೆ ಅದು ನಗೆಯ ಮಾತಾಗಿ ಎಂದೂ ತೋರಿಲ್ಲ. ಛಾಂದೋಗ್ಯೋಪನಿಷತ್ತಿನಲ್ಲಿ ವಾಕ್ಕು, ಕಣ್ಣು, ಕಿವಿ, ಮನಸ್ಸು, ಪ್ರಾಣ ಇವು ತಮ್ಮೊಳಗೆ ಹಿರಿಮೆಗಾಗಿ ಕಲಹಮಾಡಿ ಪ್ರಜಾಪತಿಯ ಬಳಿಗೆ ಹೋದುದು ಇದೇ ಪ್ರಶ್ನೆಯನ್ನು ಹೊತ್ತು. ಯಾವುದು ಹೊರಟುಹೋದರೆ ಶರೀರವು ಅತ್ಯಂತ ಹೀನದೆಶೆಗೆ ಬರುವುದೋ ಅದೇ ಶ್ರೇಷ್ಠವೆಂದು ಪ್ರಜಾಪತಿಯು ಒರೆಗಲ್ಲನ್ನು ಕೊಟ್ಟನು. ಒಂದೊಂದಾಗಿ ಅವು ವರ್ಷಕಾಲ ಹೊರಗಿದ್ದು ಬಂದವು. ಶರೀರವು ಮೂಕವಾಗಿ, ಕುರುಡಾಗಿ, ಕಿವುಡಾಗಿ, ಶಿಶುವಿನಂತೆ ಮನಸ್ಸಿಲ್ಲದೆಯೂ ಬಾಳಿತು. ಪ್ರಾಣವು ಹೊರಡಲು ಅನುವಾದೊಡನೆಯೆ, ಉತ್ತಮಾಶ್ವವು ತನ್ನನ್ನು ಕಟ್ಟಿದ ಗೂಟಗಳನ್ನೆಲ್ಲ ಕಿತ್ತುಕೊಂಡು ಏಳುವಂತೆ, ಉಳಿದ ಇಂದ್ರಿಯಗಳೆಲ್ಲ ಬೇರುಸಹಿತ ಅಲುಗಿದವು. ಆ ಮುಖ್ಯಪ್ರಾಣನನ್ನೇ ಜೀವೋತ್ತಮನೆಂದು ಮಧ್ವಮತವು ಪೂಜಿಸುತ್ತದೆ. ಮಧ್ವಾಚಾರ್ಯರನ್ನು ಆತನ ಅವತಾರವೆಂದು ನಂಬುತ್ತದೆ. ಕಳಸದ ಸಮೀಪ, ಭದ್ರೆಯ ದಡದ ಅಂಬುತೀರ್ಥದಲ್ಲಿ ಆಚಾರ್ಯರು ಒಂದೇ ಕೈಯಿಂದ ತಂದಿಟ್ಟರೆಂದು ಸಾರುವ ಸಂಸ್ಕೃತ ಶಾಸನವುಳ್ಳ ಹೆಬ್ಬಂಡೆಯೊಂದು ಇಂದಿಗೂ ಇದೆ. ಹೀಗೆ, ಉಪನಿಷತ್ತಿನ ಆ ಹಳೆಯ ವಾದದಲ್ಲಿ ಗೆದ್ದವನ ಕೈಗುರುತು ನಮ್ಮ ನೆರೆಯಲ್ಲೇ ಇದ್ದಂತಾಯಿತು.

ಆ ಮತದ ತಾರತಮ್ಯವೆಂಬ ಮಾತನ್ನು ನಾವು ಈಗ ಪಕ್ಷಪಾತವೆಂಬ ಹೀನಾರ್ಥದಲ್ಲಿ ಬಳಸುತ್ತಿರುವುದು ದುಃಖದ ಸಂಗತಿ. ಶಾಸ್ತ್ರದಲ್ಲಿ ಅದು ಜೀವಜೀವಕ್ಕೂ ಇರುವ ಸಹಜ ಭೇದವನ್ನು ಗೌರವದಿಂದ ಕಾಣುವ ರೀತಿ. ಮೋಕ್ಷದಲ್ಲಿಯೂ ಆನಂದಕ್ಕೆ ತಾರತಮ್ಯವುಂಟು. ಆದರೆ ಚಿಕ್ಕ ಪಾತ್ರೆಯೂ ದೊಡ್ಡ ಪಾತ್ರೆಯೂ ತಂತಮ್ಮ ಕಂಠದವರೆಗೆ ತುಂಬಿರುವುದರಿಂದ ಅಲ್ಲಿ ಅಸೂಯೆಗೆ ಎಡೆಯಿಲ್ಲ. ಭೇಕೆಯ ಆ ಒಂದು ಗೋಲಿನ ಪಾತ್ರೆ ತುಂಬಿದುದೇ. ಛೆಟ್ರಿಯನ್ನು ಹಿರಿಯನೆಂದರೆ ಅದರಲ್ಲಿ ಒಂದು ಹನಿಯೂ ಕಡಮೆಯಾಗದು. ಇನ್ನು, ಒಂದು ದೃಷ್ಟಿಯಿಂದ ಇವನು, ಮತ್ತೊಂದು ದೃಷ್ಟಿಯಿಂದ ಅವನು ಎಂದು ಹೇಳಿ ಎದ್ದುಹೋಗುವವರು ಜೈನರ ಸ್ಯಾದ್ವಾದವನ್ನು ತಮ್ಮ ಬೆಂಬಲಕ್ಕೆ ಕರೆಯುವುದುಂಟು. ಮೂಡಿಗೆರೆ ತಾಲ್ಲೂಕಿನ ಅಂಗಡಿಯ ಹಳೆಯ ಬಸದಿಗಳ ಮುಂದೆ ನಿಂತಾಗಲೆಲ್ಲ ಅದು ಆ ದರ್ಶನಕ್ಕೆ ಮಾಡುವ ಅನ್ಯಾಯವೆಂದು ನನಗೆ ಅನ್ನಿಸಿದೆ. ಯಾವ ದೃಷ್ಟಿಯಿಂದ ನುಡಿಯುತ್ತಿರುವೆನೆಂಬುದನ್ನು ಹೇಳುವ ಹೊಣೆಯನ್ನು ಸ್ಯಾದ್ವಾದವು ನಮ್ಮ ಮೇಲೆ ಹೊರಿಸುತ್ತದೆಯೇ ಹೊರತು ತೀರ್ಪಿನಿಂದ ಬಿಡುಗಡೆಮಾಡುವುದಿಲ್ಲ.

ಆದುದರಿಂದ ನನ್ನ ದೃಷ್ಟಿಯನ್ನು ನಾನು ಹೇಳತಕ್ಕದ್ದು. ಪ್ರಜಾಪತಿಯ ಒರೆಗಲ್ಲು ಶರೀರಕ್ಕೆ ಸರಿ, ಸಂಘಕ್ಕೆ ಅಲ್ಲ. ಪ್ರಾಣ ಹೋದೊಡನೆ ಶರೀರ ಬೀಳುವುದು ಶರೀರದ ಧರ್ಮ. ಒಬ್ಬನು ಹೊರಟೊಡನೆ ಗೂಟವೆಲ್ಲ ಕಿತ್ತುಬರುವ ಸಂಘವಾದರೋ ಅವನು ಇದ್ದಾಗಲೂ ಸಂಘವಾಗಿರಲಿಲ್ಲ, ಅವನ ನೆರಳಾಗಿತ್ತು. ತಾನು ಬರುವ ಮೊದಲು ಇಲ್ಲದಿದ್ದುದನ್ನು ತಾನು ಹೋದ ಮೇಲೂ ಉಳಿಯುವಂತೆ ಇಟ್ಟುಹೋದವನು ಯಾವನೋ ಅವನೇ ಸಂಘದಲ್ಲಿ ಶ್ರೇಷ್ಠ. ಹೊತ್ತವರು ಹೋಗಿ ಶತಮಾನಗಳಾದರೂ ಅಂಬುತೀರ್ಥದ ಬಂಡೆ ಇಟ್ಟಲ್ಲಿಯೇ ಇದೆಯಲ್ಲವೆ! ಛೆಟ್ರಿಯ ಹೆಸರನ್ನೇ ನಾನೂ ಹೇಳುವೆನು, ಆದರೆ ಗೋಲುಗಳ ಎಣಿಕೆಯಿಂದಲ್ಲ: ಪರಂಪರೆಯೇ ಇಲ್ಲದ ಎಳೆಯ ಸಂಘವೊಂದಕ್ಕೆ ನಡೆ ನುಡಿ ಕಲಿಸಿ, ನಲವತ್ತು ದಾಟಿದ ಮೇಲೂ ಅದೇ ಅಂಗಿ ತೊಟ್ಟು ನಿಂತದ್ದರಿಂದ. ಆತನಿಲ್ಲದ ಸಂಘವು ಹೇಗೆ ಆಡುವುದೆಂಬುದನ್ನು ಕಂಡವರು ಮಾತ್ರವೇ ನನ್ನ ಮಾತಿಗೆ ಸಾಕ್ಷಿ ಹೇಳಬಲ್ಲರು.

ಅಂಥ ಸಾಕ್ಷಿ ಸಿದ್ಧವಾಗಿ ದೊರಕಿರುವ ಹೆಸರೊಂದನ್ನು ನಾನು ಆ ರಾತ್ರಿ ಕಣದಲ್ಲಿ ಎತ್ತಿದೆನು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಹಮದ್ ಖಾನರು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿ ಹತ್ತು ವರ್ಷ ಅಲ್ಲಿಯೇ ಆಡಿದರು. ಅವರೂ ಬೆಂಗಳೂರಿನವರೇ ಆದ ಧನರಾಜರೂ ಅಪ್ಪಾರಾವ್, ವೆಂಕಟೇಶ್, ಸಾಲೆ ಎಂಬುವರೂ ಕೂಡಿದ ಮುಂಚೂಣಿಯನ್ನು ಬಂಗಾಳಿಗಳು ಪಂಚಪಾಂಡವರೆಂದೇ ಕರೆದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಬಹುಮಂದಿ ಬರಿಗಾಲಿನಲ್ಲಿ ಆಡಿ ಫ್ರಾನ್ಸಿಗೆ 1-2ರಲ್ಲಿ ಸೋತ ತಂಡದಲ್ಲಿ ಖಾನರಿದ್ದರು. ಅಂದು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ನರೂ ಬೆಂಗಳೂರಿನವರು. 2017ರಲ್ಲಿ ಖಾನರು ತೀರಿಕೊಂಡರು. ಈಸ್ಟ್ ಬೆಂಗಾಲಿನ ಶ್ರೇಷ್ಠರನ್ನು ಎಣಿಸುವಾಗ ಕಲ್ಕತ್ತೆಯಲ್ಲಿ ಅವರ ಹೆಸರು ಬರುತ್ತದೆ. ನಮ್ಮ ಕಣಗಳಲ್ಲಿ ಬರುವುದಿಲ್ಲವೆಂಬುದು ನನ್ನನ್ನು ನೋಯಿಸುವ ಸಂಗತಿ. ಹೈದರಾಬಾದಿನ ಜೋಡಿನಗರ ಸಿಕಂದರಾಬಾದಿನಲ್ಲಿ ಹುಟ್ಟಿದ ಛೆಟ್ರಿ ನಮ್ಮವನಾದಂತೆ, ನಮ್ಮ ಖಾನರು ಅವರವರಾದರು. ಹುಟ್ಟಿದ ಊರಿಗಿಂತ ದುಡಿದ ಊರೇ ಹೆಚ್ಚಿನ ಬಂಧುತ್ವವನ್ನು ಕಟ್ಟುತ್ತದೆಯೆಂಬುದು, ಎಲ್ಲೆಲ್ಲಿಂದಲೋ ಬಂದು ಈ ಗುಡ್ಡಗಳಲ್ಲಿ ನೆಲೆನಿಂತ ಲೈನುಮನೆಗಳವರಿಗೆ ನಾನು ಹೇಳಬೇಕಾದ ಮಾತಲ್ಲ.

ಮಾತು ಮುಗಿದಾಗ ಛೆಟ್ರಿಯ ಪಕ್ಷದ ಹುಡುಗ ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, "ಬರಿಗಾಲಲ್ಲಾ ಸಾರ್?" ಎಂದು ಕೇಳಿ, ಕಣದ ದೂಳು ಮೆತ್ತಿದ್ದ ತನ್ನ ಪಾದಗಳ ಕಡೆಗೆ ನೋಡಿಕೊಂಡನು.