ಉದ್ಯಾನದಲ್ಲಿ ಔಚಿತ್ಯವಿಚಾರ

ಮನೆಯ ಮುಂದೆ ನಾಲ್ಕು ಹಸುರು ಗಿಡಗಳಿರಬೇಕೆಂಬ ಅಪೇಕ್ಷೆಯಲ್ಲಿ ದೋಷವೇನೂ ಇಲ್ಲ. ಆದರೆ ಆ ಹಸುರು ಯಾರ ನೀರಿನಿಂದ ಬಾಳುವುದೆಂದು ಕೇಳಿದೊಡನೆಯೇ ತೋಟದ ಮಾತು ಧರ್ಮವಿಚಾರವಾಗಿ ಪರಿಣಮಿಸುವುದು. ವರ್ಷಕ್ಕೆ 500 ಮಿಲಿಮೀಟರಿಗಿಂತ ಕಡಮೆ ಮಳೆ ಬೀಳುವ ಚಳ್ಳಕೆರೆಯ ಸೀಮೆಯಲ್ಲಿ ಒಬ್ಬನ ಕೊಳವೆಬಾವಿಯೂ ನೆರೆಯವನ ಕೊಳವೆಬಾವಿಯೂ ಎಷ್ಟೋ ವೇಳೆ ನೆಲದೊಳಗಿನ ಒಂದೇ ಜಲವನ್ನು ಸೇದುತ್ತವೆ. ವೈಶಾಖದಲ್ಲಿ ಹುಲ್ಲುಹಾಸಿಗೆ ದಿನವೂ ನೀರೆರೆಯುವವನು ತನ್ನ ಹಣಕ್ಕೆ ಒಡೆಯನಾಗಿರಬಹುದು. ಆ ನೀರಿಗೂ ತಾನೊಬ್ಬನೇ ಒಡೆಯನೆಂದು ಹೇಳಬಲ್ಲನೆ?

ಹಾಗಾದರೆ ಸೌಂದರ್ಯವನ್ನೇ ತೊರೆಯಬೇಕೆ? ಬೇಕಿಲ್ಲ. 11ನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಪ್ರತಿಪಾದಿಸಿದನು. ಆ ವಿಚಾರವು ಉದ್ಯಾನಕ್ಕೂ ಸಲ್ಲುವುದು. ಚಿತ್ರದುರ್ಗದ ಕಲ್ಲುಗುಡ್ಡಗಳಲ್ಲಿ ಬಂದರಿಕೆಯು ಯಾರ ಆರೈಕೆಯೂ ಇಲ್ಲದೆ ನಿತ್ಯವೂ ಹಸುರಾಗಿರುವುದು. ಅದರ ಎಲೆಯ ಮೇಲಿನ ಅಂಟುಲೇಪವು ತೇವವನ್ನು ಕಾಪಾಡುವುದು. ಆಡುಗಳೂ ಅದನ್ನು ಅಷ್ಟಾಗಿ ಮೇಯವು. ಕತ್ತರಿಸಿದರೆ ಒಳ್ಳೆಯ ಬೇಲಿಯಾಗುವುದು. ತಂಗಡಿಯು ಹೊಂಬಣ್ಣದ ಹೂವನ್ನೂ, ಸಂಸ್ಕೃತದಲ್ಲಿ ಕರಮರ್ದವೆನಿಸಿಕೊಂಡ ಕರಂಡೆಯು ಸುವಾಸನೆಯ ಬಿಳಿಯ ಹೂವನ್ನೂ ಉಪ್ಪಿನಕಾಯಿಗೆ ಒದಗುವ ಹಣ್ಣನ್ನೂ ಕೊಡುವುವು. ಇವು ನಮ್ಮ ಕಣ್ಣಿಗೆ ಕಾಡುಗಿಡಗಳಾಗಿ ತೋರುವುದು ಅವುಗಳ ಕೊರತೆಯಿಂದಲ್ಲ, ಸುಲಭವಾಗಿ ದೊರೆತುದನ್ನು ಹಗುರವಾಗಿ ಕಾಣುವ ನಮ್ಮ ಅಭ್ಯಾಸದಿಂದ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಹುಟ್ಟಿದ ನೆಲವನ್ನು ನೋಡಿ ಗಿಡವನ್ನು ಆರಿಸುವುದು ಸಂಕುಚಿತ ಬುದ್ಧಿಯಲ್ಲವೆ? ನಮ್ಮ ಮೆಣಸಿನಕಾಯಿಯೂ ಸೀಬೆಯೂ ಸಮುದ್ರದಾಚೆಯಿಂದ ಬಂದವಲ್ಲವೆ? ಈ ಆಕ್ಷೇಪವು ನ್ಯಾಯವಾದುದು. ಆದುದರಿಂದ ಗಿಡದ ಕುಲಕ್ಕಿಂತ ಅದರ ನಡತೆಯನ್ನೇ ಪರೀಕ್ಷಿಸಬೇಕು. 19ನೆಯ ಶತಮಾನದ ಆದಿಯಲ್ಲಿ ಅಲಂಕಾರಾರ್ಥವಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಅಮೆರಿಕಾ ಖಂಡದ ಲಂಟಾನವೂ ಬರವನ್ನು ತಾಳುವುದು. ಆದರೆ ಅದು ಇಂದು ಬಂಡೀಪುರದಂತಹ ಅಡವಿಗಳಲ್ಲಿ ಹಬ್ಬಿ, ಹುಲ್ಲಿಗೂ ಎಳೆಯ ಸಸಿಗಳಿಗೂ ಎಡೆಯಿಲ್ಲದಂತೆ ಮಾಡಿದೆ. ತಾನು ಬದುಕುವ ಸಾಮರ್ಥ್ಯವೊಂದೇ ಗುಣವಲ್ಲ. ಇತರರನ್ನು ಬದುಕಗೊಡುವುದೂ ಗುಣವೇ. ತಂಗಡಿಯ ಎಲೆಯನ್ನು ತಿಂದು ಕೆಲವು ಹಳದಿ ಚಿಟ್ಟೆಗಳ ಮರಿಹುಳುಗಳು ಬೆಳೆಯುವುವು. ಕರಂಡೆಯ ಹಣ್ಣು ಹಕ್ಕಿಗಳಿಗೆ ಆಹಾರವಾಗುವುದು. ದೇಶೀಯ ಗಿಡಕ್ಕೆ ನಾವು ಕೊಡುವ ಮನ್ನಣೆಯು ಬಹುಕಾಲದಿಂದ ಪರೀಕ್ಷಿತವಾದ ಈ ಸಹಜೀವನಕ್ಕೆ ಸಲ್ಲತಕ್ಕದ್ದು.

ಬರವನ್ನು ತಾಳುವ ಗಿಡವೆಂದು ಎಳೆಯ ಸಸಿಯನ್ನು ಬಿಸಿಲಿಗೊಪ್ಪಿಸಿ ಸುಮ್ಮನಿರುವುದೂ ಧರ್ಮವಲ್ಲ. ಬೇರು ಆಳಕ್ಕಿಳಿಯುವವರೆಗೆ, ಅಂದರೆ ಮೊದಲ ಬೇಸಿಗೆಯು ಕಳೆಯುವವರೆಗಾದರೂ, ಅದಕ್ಕೆ ನೀರು ಬೇಕು. ಸಹನೆಯನ್ನು ಬಲಿತವರಿಂದ ನಿರೀಕ್ಷಿಸಬಹುದು, ಶಿಶುವಿನಿಂದಲ್ಲ. ಗುಡ್ಡದ ಗಿಡವನ್ನು ಕಿತ್ತು ತಂದು ಅಂಗಳವನ್ನು ಸಿಂಗರಿಸುವುದು ಇನ್ನೂ ಅನುಚಿತ. ಬಂದರಿಕೆ, ತಂಗಡಿಗಳ ಗಟ್ಟಿ ಬೀಜಗಳನ್ನು ಬಿಸಿನೀರಿನಲ್ಲಿ ನೆನೆಯಿಟ್ಟು ಬಿತ್ತಿದರೆ ಸಸಿಗಳು ಮನೆಯಲ್ಲಿಯೇ ಏಳುವುವು. ಮುಂಗಾರು ಹಿಡಿದ ಮೇಲೆ ಅವನ್ನು ನೆಲಕ್ಕಿಡಬಹುದು.

ಹೆಚ್ಚು ಕೇಳದವರು ಮನೆಯಲ್ಲಿದ್ದರೆ ಅವರನ್ನು ಮರೆಯುವುದೂ, ಹಟ ಮಾಡುವವರನ್ನು ಓಲೈಸುವುದೂ ಲೋಕರೂಢಿ. ತೋಟದಲ್ಲಾದರೂ ಆ ರೂಢಿಯನ್ನು ಬಿಟ್ಟರೆ, ಉಳಿದ ನೀರು ನೆರೆಯವನ ಕೊಡಕ್ಕೆ ದಕ್ಕೀತು.