ದನಿಯಿಲ್ಲದವರ ನೋವು

ನಮ್ಮ ಕರುಣೆಯು ಹಿಂಬಾಲಿಸುವುದು ನೋವನ್ನೋ, ದನಿಯನ್ನೋ?

ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ ‘2001: ಎ ಸ್ಪೇಸ್ ಒಡಿಸ್ಸಿ’ (1968) ಚಲನಚಿತ್ರವನ್ನು ಗಮನಿಸಿರಿ. ನೌಕೆಯ ಹೊರಗೆ ಕೆಲಸಕ್ಕಿಳಿದ ಗಗನಯಾತ್ರಿ ಫ್ರಾಂಕ್ ಪೂಲ್‌ನ ಉಸಿರಾಟ ನಮಗೆ ಕೇಳಿಸುತ್ತಿರುತ್ತದೆ. ನೌಕೆಯ ಗಣಕಯಂತ್ರ ‘ಹ್ಯಾಲ್’ ಅವನನ್ನು ಕೊಲ್ಲುವಾಗ ಅದೂ ನಿಲ್ಲುತ್ತದೆ. ನಿರ್ವಾತದಲ್ಲಿ ಶಬ್ದ ಸಂಚರಿಸದು. ಅಳು ತರಿಸಲು ಪಿಟೀಲೂ ಇಲ್ಲ. ಬರಿಯ ಮೌನ. ಮುಂದೆ ಅದೇ ಯಂತ್ರದ ಸ್ಮೃತಿಯನ್ನು ಕಳಚುವಾಗ, ತನಗೆ ಭಯವಾಗುತ್ತಿದೆಯೆಂದು ಅದು ಬೇಡುತ್ತದೆ. ‘ಡೈಸಿ ಬೆಲ್’ ಎಂಬ ಹಳೆಯ ಹಾಡನ್ನು ಹಾಡುತ್ತ ಹಾಡುತ್ತ ಅದರ ದನಿ ಜಡವಾಗುತ್ತದೆ. ಕೊಂದ ಯಂತ್ರಕ್ಕಾಗಿ ನಮ್ಮ ಮನ ಮರುಗುತ್ತದೆ. ಸತ್ತ ಮನುಷ್ಯನನ್ನು ಮರೆತಿರುತ್ತೇವೆ!

ಮರುಗುವುದು ತಪ್ಪಲ್ಲ. ಆದರೆ ಮೊರೆಯಿಡಲಾರದವರ ಸಂಕಟಕ್ಕೆ ಹಿನ್ನೆಲೆ ಸಂಗೀತವಿರುವುದಿಲ್ಲ. ಅದನ್ನು ಅರಿಯಲು ಕಿವಿಯೊಂದೇ ಸಾಲದು, ಮನಸ್ಸೂ ಬೇಕು. ನಮ್ಮ ಮನೆಯಲ್ಲೇ ಸದ್ದಿಲ್ಲದೆ ನೋಯುತ್ತಿರುವವರು ಯಾರು?